ದಂಡ ಕಟ್ಟಲೋ, ವಾದ ಮಾಡಲೋ? ಬಳ್ಳಾರಿಯ ಜೀನ್ಸ್ ಯೂನಿಟ್ ಮಾಲೀಕರಿಗೆ ಉತ್ತರ

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಆರು ಜನ ಟೈಲರ್‌ಗಳು, ದಾರ ಕತ್ತರಿಸುವ ಮೂರು ಹೆಂಗಸರು, ಒಟ್ಟು ಒಂಬತ್ತು ಜನ. ಎಲ್ಲರಿಗೂ ಪೀಸ್ ಲೆಕ್ಕ, ಶನಿವಾರ ಬಟವಾಡೆ. ಜನವರಿಯಲ್ಲಿ ಕಾರ್ಮಿಕ ಇಲಾಖೆಯವರು ಬಂದು ನೋಡಿಕೊಂಡು ಹೋದರು. ಈಗ ಕಾರಣ ಕೇಳಿ ನೋಟಿಸ್ ಬಂದಿದೆ. 2025ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 70 ರೂಪಾಯಿ ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಟ್ಟಿದ್ದೀರಿ, ವೇತನ ರಿಜಿಸ್ಟರ್ ಇಲ್ಲ, ವೇತನ ದರದ ಫಲಕ ಹಾಕಿಲ್ಲ ಅಂತ ಬರೆದಿದ್ದಾರೆ. 50,000 ರೂಪಾಯಿವರೆಗೆ ದಂಡ ಅಂತಲೂ ಇದೆ. 15 ದಿನದಲ್ಲಿ ಉತ್ತರ ಕೊಡಬೇಕಂತೆ. ಪರಿಚಯದವರೊಬ್ಬರು, ಮೂವತ್ತು ಸಾವಿರ ಕೊಡಿ, ನಾನು ಮುಗಿಸಿಕೊಡ್ತೀನಿ ಅಂತಾರೆ. ಕಟ್ಟಿ ಕೈ ತೊಳೆದುಕೊಳ್ಳಲಾ, ವಾದ ಮಾಡಲಾ? ಕಟ್ಟೋದಾದರೆ ಎಲ್ಲಿ ಕಟ್ಟಬೇಕು? ಜೈಲಿಗೆ ಹಾಕ್ತಾರಾ?

ಉತ್ತರ: ಮೊದಲು ಒಂದು ಲೋಟ ಚಹಾ ಕುಡಿಯಿರಿ. ನಿಮಗೆ ಇನ್ನೂ ದಂಡ ಬಿದ್ದಿಲ್ಲ. ಬಂದಿರುವುದು ಪ್ರಶ್ನೆ. ಕನಿಷ್ಠ ವೇತನದ ವಿಷಯದಲ್ಲಿ ತಪಾಸಣೆಗೆ ಬಂದ ಅಧಿಕಾರಿ ಅಲ್ಲೇ ನಿಂತು ರಸೀದಿ ಹರಿದು ದಂಡ ಹಾಕುವ ಹಾಗಿಲ್ಲ. ಅದು ಟ್ರಾಫಿಕ್ ಪೊಲೀಸರ ಕೆಲಸ. ಇಲ್ಲಿ ನೋಟಿಸ್, ಉತ್ತರ, ವಿಚಾರಣೆ, ಆಮೇಲೆ ಆದೇಶ. ನೀವು ಈಗ ಮೊದಲ ಮೆಟ್ಟಿಲ ಮೇಲೆ ನಿಂತಿದ್ದೀರಿ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ 50,000ದ ಬಗ್ಗೆ ಹೆದರಿಕೆ ಜಾಸ್ತಿ ಕಾಣುತ್ತಿದೆ, ದಿನದ 70 ರೂಪಾಯಿ ಬಗ್ಗೆ ಅಷ್ಟಿಲ್ಲ. ನಾನು ಹೆದರುವುದಾದರೆ ಆ 70ಕ್ಕೆ ಹೆದರುತ್ತೇನೆ. ನೋಟಿಸಿನಲ್ಲಿ ಎರಡು ಬೇರೆ ಬೇರೆ ದುಡ್ಡು ಇದೆ. ಒಂದು ದಂಡ, ಅದು ಸರ್ಕಾರಕ್ಕೆ ಹೋಗುತ್ತದೆ. ಇನ್ನೊಂದು ಬಾಕಿ ಕೂಲಿ, ಅದು ಕೆಲಸಗಾರರಿಗೆ ಹೋಗಬೇಕು. ದಂಡ ಕಟ್ಟಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.

ಲೆಕ್ಕ ಮಾಡಿ ನೋಡೋಣ. ದಿನಕ್ಕೆ 70, ತಿಂಗಳಿಗೆ 26 ದಿನ ಅಂದರೆ ಒಬ್ಬರಿಗೆ 1,820. ಒಂಬತ್ತು ಜನಕ್ಕೆ 16,380. ಐದು ತಿಂಗಳಿಗೆ 81,900. ಇದರ ಮೇಲೆ ಪರಿಹಾರ ಅಂತ ಹತ್ತು ಪಟ್ಟಿನವರೆಗೆ ಸೇರಿಸುವ ಅಧಿಕಾರ ಕಾನೂನಿನಲ್ಲಿ ಇದೆ. ಹತ್ತು ಪಟ್ಟು ಅಂದರೆ 8,19,000. ಪೂರ್ತಿ ಹತ್ತು ಪಟ್ಟು ಹಾಕಿದ ಆದೇಶ ನನ್ನ ಕಣ್ಣಿಗೆ ಬಿದ್ದಿದ್ದು ಕಮ್ಮಿ. ಆದರೆ ಒಂದೋ ಎರಡೋ ಪಟ್ಟು ಹಾಕಿದರೂ ನಿಮ್ಮ ಒಂಬತ್ತು ಜನರ ಯೂನಿಟ್ಟಿಗೆ ಅದು ದೊಡ್ಡ ಪೆಟ್ಟೇ, ಅಲ್ವಾ?

ಆ ಮೂವತ್ತು ಸಾವಿರದ ಪರಿಚಯದವರ ವಿಷಯ ಇಲ್ಲೇ ಮುಗಿಸಿಬಿಡೋಣ. ಕೊಡಬೇಡಿ. ನೀತಿಪಾಠ ಹೇಳುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ಆ ದುಡ್ಡಿನಿಂದ ಬಾಕಿ ಕೂಲಿ ಒಂದು ಪೈಸೆಯೂ ಕಮ್ಮಿ ಆಗುವುದಿಲ್ಲ. ನಾಳೆ ನಿಮ್ಮ ಕೆಲಸಗಾರರಲ್ಲಿ ಒಬ್ಬರೇ ಅರ್ಜಿ ಹಾಕಿದರೂ ಫೈಲ್ ಮತ್ತೆ ಎದ್ದು ಕೂರುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ನಿಜವಾಗಿಯೂ ಯಾರಾದರೂ ಕೈ ಚಾಚಿದರೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಬಹುದು. ಆದರೆ ನನ್ನ ಅನುಭವದಲ್ಲಿ ಇಂಥ ಪರಿಚಯದವರು ಹೇಳುವ ಸಾಹೇಬರಿಗೆ ಎಷ್ಟೋ ಸಲ ವಿಷಯವೇ ಗೊತ್ತಿರುವುದಿಲ್ಲ.

ಈಗ ನೋಟಿಸನ್ನು ನಿಧಾನವಾಗಿ ಓದಿ. ಮೇಲೆ ಯಾವ ಕಚೇರಿಯ ಹೆಸರಿದೆ? ನಿಮ್ಮಂಥ ಯೂನಿಟ್ಟುಗಳಿಗೆ ರಾಜ್ಯದ ಕಾರ್ಮಿಕ ಇಲಾಖೆ. ಸಂಡೂರಿನ ಗಣಿಯವರಿಗಾದರೆ ಕೇಂದ್ರದ ಕಾರ್ಮಿಕ ಕಚೇರಿ. ಪಿಎಫ್ ನೋಟಿಸ್ ಆದರೆ ದಾರಿಯೇ ಬೇರೆ. ಒಂಬತ್ತೇ ಜನ ಇರುವುದರಿಂದ ಪಿಎಫ್, ಇಎಸ್‌ಐ ಎರಡೂ ನಿಮಗೆ ಕಡ್ಡಾಯ ಆಗಿಲ್ಲ. ಹತ್ತನೆಯವರು ಬಂದ ದಿನ ಇಎಸ್‌ಐ ಬಾಗಿಲು ತಟ್ಟುತ್ತದೆ, ಇಪ್ಪತ್ತಕ್ಕೆ ಪಿಎಫ್. ಇದನ್ನು ನೆನಪಿಟ್ಟುಕೊಳ್ಳಿ, ಈಗ ಬಿಡಿ.

ಆಮೇಲೆ ತಾರೀಖು. ಇದು ನಿಮ್ಮ ಕೇಸಿನಲ್ಲಿ ಬಹಳ ಮುಖ್ಯ. ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕೂಲಿಗೆ ಸಂಬಂಧಪಟ್ಟಿದ್ದು 2019ರ ವೇತನ ಸಂಹಿತೆ. ಅಲ್ಲಿಯವರೆಗೆ ಇದ್ದದ್ದು 1948ರ ಕನಿಷ್ಠ ವೇತನ ಕಾಯ್ದೆ. ನಿಮ್ಮ ನೋಟಿಸಿನ ಅವಧಿ ಆಗಸ್ಟ್‌ನಿಂದ ಡಿಸೆಂಬರ್. ಅಂದರೆ ಒಂದು ಕಾಲು ಹಳೇ ಕಾನೂನಿನಲ್ಲಿ, ಇನ್ನೊಂದು ಕಾಲು ಹೊಸದರಲ್ಲಿ.

ವ್ಯತ್ಯಾಸ ಏನು ಅಂತೀರಾ? ಹಳೇ ಕಾಯ್ದೆಯಲ್ಲಿ ಕಮ್ಮಿ ಕೂಲಿ ಕೊಟ್ಟರೆ ಆರು ತಿಂಗಳವರೆಗೆ ಜೈಲು, ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೌದು, ಐನೂರೇ. 1948ರ ಐನೂರು ಅದು, ಬೆಳೆಯಲೇ ಇಲ್ಲ. ಹೊಸ ಸಂಹಿತೆಯಲ್ಲಿ ಮೊದಲ ಸಲದ ತಪ್ಪಿಗೆ ಜೈಲಿಲ್ಲ, 50,000ವರೆಗೆ ದಂಡ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ತಪ್ಪು ನಡೆದ ದಿನ ಇದ್ದ ಕಾನೂನಿಗಿಂತ ಜಾಸ್ತಿ ಶಿಕ್ಷೆ ಹಾಕುವ ಹಾಗಿಲ್ಲ, ಸಂವಿಧಾನದ 20ನೇ ವಿಧಿಯೇ ಅದನ್ನು ತಡೆಯುತ್ತದೆ. ಹಾಗಾಗಿ ಐದೂ ತಿಂಗಳನ್ನು ಒಂದೇ ಗಂಟು ಕಟ್ಟಿ 50,000 ಅಂತ ಬರೆದಿದ್ದರೆ ನಿಮ್ಮ ಮೊದಲ ಆಕ್ಷೇಪ ಅದೇ. ಆಗಸ್ಟ್‌ನಿಂದ ನವೆಂಬರ್ 20ರವರೆಗೆ ಒಂದು, ಆಮೇಲಿನದು ಇನ್ನೊಂದು, ಬೇರೆ ಮಾಡಿ ತೋರಿಸಿ ಅಂತ ಕೇಳಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ಆ 70 ರೂಪಾಯಿ ಎಲ್ಲಿಂದ ಬಂತು?

ನೋಟಿಸ್ ಜೊತೆ ತಪಾಸಣಾ ವರದಿ, ಲೆಕ್ಕದ ಪಟ್ಟಿ ಇಲ್ಲದಿದ್ದರೆ ಪ್ರತಿ ಕೇಳಿ. ಬಾಯಲ್ಲಿ ಕೇಳಿದರೆ ಸಾಲದು, ಬರೆದು ಕೊಡಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ನಮ್ಮವರು ತಮ್ಮ ಕಷ್ಟವನ್ನೆಲ್ಲ ಮೂರು ಪುಟ ಬರೆದು ವಾಪಸ್ ಬರಿಸಿಕೊಳ್ಳುತ್ತಾರೆ.

ಪಟ್ಟಿ ಕೈಗೆ ಬಂದ ಮೇಲೆ ಒಂಬತ್ತು ಹೆಸರನ್ನೂ ಒಂದೊಂದಾಗಿ ನೋಡಿ. ಬಟ್ಟೆ ಹೊಲಿಗೆಗೆ ರಾಜ್ಯ ಸರ್ಕಾರದ ಪ್ರತ್ಯೇಕ ದರದ ಅಧಿಸೂಚನೆ ಇದೆ. ಅದರಲ್ಲಿ ಊರಿನ ವಲಯ ಬೇರೆ, ಕೌಶಲದ ದರ್ಜೆ ಬೇರೆ, ಜೊತೆಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆ. ಬೆಂಗಳೂರಿನ ವಲಯದ ದರ ನಿಮಗೆ ಹಾಕಿದ್ದಾರಾ? ದಾರ ಕತ್ತರಿಸುವವರನ್ನು ಕುಶಲ ಟೈಲರ್ ಸಾಲಿಗೆ ಸೇರಿಸಿದ್ದಾರಾ? ಇಂಥ ತಪ್ಪುಗಳು ಆಗುತ್ತವೆ. ಅಧಿಕಾರಿಗಳೂ ಮನುಷ್ಯರು, ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಇರುತ್ತಾರೆ.

ಪೀಸ್ ಲೆಕ್ಕ ಅನ್ನುವುದು ತಪ್ಪಲ್ಲ. ಆದರೆ ಪೀಸ್ ಲೆಕ್ಕದಲ್ಲಿ ದುಡಿದವರಿಗೂ ದಿನದ ಕೊನೆಗೆ ಕನಿಷ್ಠ ದಿನಗೂಲಿ ಮುಟ್ಟಲೇಬೇಕು. ಹಳೇ ಕಾನೂನಲ್ಲೂ ಇದು ಹಾಗೇ ಇತ್ತು, ಹೊಸದರಲ್ಲೂ ಇದೆ. ಕರೆಂಟ್ ಹೋಯಿತು, ಬಟ್ಟೆ ಬರಲಿಲ್ಲ, ಅರ್ಧ ದಿನ ಸುಮ್ನೆ ಕೂತರು, ಅದಕ್ಕೆ ಕಮ್ಮಿ ಆಯ್ತು ಅಂತ ನೀವು ಹೇಳಬಹುದು. ಆ ಮಾತು ನಡೆಯುವುದಿಲ್ಲ. ಕೆಲಸಕ್ಕೆ ತಯಾರಾಗಿ ಬಂದವರಿಗೆ ಕೆಲಸ ಕೊಡಲಾಗಲಿಲ್ಲ ಅಂದರೆ ಪೂರ್ತಿ ದಿನದ ಕೂಲಿ ಅವರದ್ದೇ. ಅವರೇ ಒಪ್ಪಿಕೊಂಡಿದ್ದು ಸರ್ ಅನ್ನುವುದೂ ನಡೆಯುವುದಿಲ್ಲ. ಕನಿಷ್ಠಕ್ಕಿಂತ ಕಮ್ಮಿಗೆ ಮಾಡಿಕೊಂಡ ಒಪ್ಪಂದ ಕಾನೂನಿನ ಕಣ್ಣಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ನಡೆಯುವ ಮಾತು ಯಾವುದು? ಬಳ್ಳಾರಿಯ ಹೊಲಿಗೆ ಯೂನಿಟ್ಟುಗಳಲ್ಲಿ ಅಡ್ವಾನ್ಸ್ ಇಲ್ಲದೆ ಟೈಲರ್ ಬರುವುದಿಲ್ಲ. ಮದುವೆಗೆ, ಆಸ್ಪತ್ರೆಗೆ ಅಂತ ಮುಂಚೆಯೇ ದುಡ್ಡು ತೆಗೆದುಕೊಂಡಿರುತ್ತಾರೆ. ನೀವು ಶನಿವಾರದ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತೀರಿ. ತಪಾಸಣೆಗೆ ಬಂದವರಿಗೆ ಕೈಗೆ ಸಿಕ್ಕ ದುಡ್ಡು ಮಾತ್ರ ಕಾಣುತ್ತದೆ, ಮುರಿದಿದ್ದು ಕಾಣುವುದಿಲ್ಲ. ಅಡ್ವಾನ್ಸ್ ಮುರಿದುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ, ಎಲ್ಲ ಕಡಿತ ಸೇರಿ ಆ ಅವಧಿಯ ಕೂಲಿಯ ಅರ್ಧ ದಾಟಬಾರದು ಅಷ್ಟೇ. ನಿಮ್ಮ ಒಂಬತ್ತು ಜನರಲ್ಲಿ ಇಬ್ಬರು ಟೈಲರ್‌ಗಳ ಕೊರತೆ ಹೀಗೆ ಅಡ್ವಾನ್ಸ್‌ನದೇ ಅಂತ ಇಟ್ಟುಕೊಳ್ಳಿ. ದುಡ್ಡು ಕೊಟ್ಟ ದಿನದ ಫೋನ್‌ಪೇ ದಾಖಲೆ ತೋರಿಸಿದರೆ ಆ ಎರಡು ಹೆಸರು ಪಟ್ಟಿಯಿಂದ ಹೋದವು. 81,900 ಇದ್ದದ್ದು 63,700 ಆಯಿತು.

ಆಮೇಲೆ ದಿನಗಳು. ತಿಂಗಳಿಗೆ 26 ದಿನ ಅಂತ ಅವರೂ ಸಾರಾಸಗಟಾಗಿ ಹಿಡಿದಿರಬಹುದು. ಕಳೆದ ವರ್ಷ ದಸರಾ, ದೀಪಾವಳಿ ಎರಡೂ ಅಕ್ಟೋಬರ್‌ನಲ್ಲೇ ಬಂದವು. ಅವೆರಡೂ ಸೇರಿ ಜನ ಹತ್ತು ದಿನ ಊರಿಗೆ ಹೋಗಿದ್ದರೆ ಆ ದಿನಗಳ ಕೊರತೆ ಹೇಗೆ ಬರುತ್ತದೆ? ಏಳು ಜನಕ್ಕೆ ಹತ್ತು ದಿನ ಅಂದರೆ 4,900 ಕಮ್ಮಿ. ಇದಕ್ಕೆ ಸಾಕ್ಷಿ? ಜೆಸ್ಕಾಂ ಕರೆಂಟ್ ಬಿಲ್ ತೆಗೆದು ನೋಡಿ, ಆ ತಿಂಗಳ ಯೂನಿಟ್ ಇಳಿದಿರುತ್ತದೆ. ಮಾಲು ಕಳಿಸಿದ ಡೆಲಿವರಿ ಚಲನ್‌ಗಳಲ್ಲಿ ಆ ವಾರ ಖಾಲಿ ಇರುತ್ತದೆ. ಈಗ 58,800ಕ್ಕೆ ಬಂದಿರಿ. ಈ ಅಂಕಿ ಉದಾಹರಣೆಗೆ ಹೇಳಿದ್ದು, ನಿಮ್ಮದು ಬೇರೆ ಇರಬಹುದು. ಆದರೆ ವಾದ ಮಾಡುವುದು ಅಂದರೆ ಹೀಗೆ. ಕೂಗಾಡುವುದಲ್ಲ, ಗೆರೆ ಹೊಡೆದು ಕಳೆಯುವುದು.

ಕಾಗದ ಇಲ್ಲದೆ ಇದು ಆಗುವುದಿಲ್ಲ. ಕೂಲಿ ಸಿಕ್ಕಿಲ್ಲ ಅಂತ ಅರ್ಜಿ ಬಂದರೆ, ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕರ ಮೇಲೆಯೇ ಅಂತ ವೇತನ ಸಂಹಿತೆ ಹೇಳುತ್ತದೆ. ಇದರ ಬಿಸಿ ಏನು ಅನ್ನುವುದಕ್ಕೆ ಒಂದು ವಿಚಾರಣೆ ನೆನಪಾಗುತ್ತದೆ. ಅದು ಹಳೇ ಕಾಯ್ದೆಯ ಕಾಲದ್ದು. ನಮ್ಮ ಕಡೆಯದೇ ಒಂದು ಯೂನಿಟ್, ನಾನು ಮಾಲೀಕರ ಪರ ಕೂತಿದ್ದೆ. ದಾರ ಕತ್ತರಿಸುವ ಒಬ್ಬ ಹೆಂಗಸು ಚೀಲದಿಂದ ಮಗನ ಒಂದನೇ ಕ್ಲಾಸಿನ ಕಾಪಿ ಪುಸ್ತಕ ತೆಗೆದರು. ಮುಂದಿನಿಂದ ಅ ಆ ಇ ಈ. ಹಿಂದಿನಿಂದ ತಿರುಗಿಸಿದರೆ ಪೆನ್ಸಿಲ್ ಗೆರೆಗಳು. ಇಪ್ಪತ್ತು ಪ್ಯಾಂಟಿನ ಒಂದು ಕಟ್ಟಿಗೆ ಒಂದು ಗೆರೆ, ಐದು ಗೆರೆಗೆ ಒಂದು ಅಡ್ಡ ಗೆರೆ, ಭಾನುವಾರಕ್ಕೆ ಒಂದು ಸೊನ್ನೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅಧಿಕಾರಿ ಕನ್ನಡಕ ಮೇಲೆ ತಳ್ಳಿ ಒಂದೊಂದೇ ಪುಟ ಎಣಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, ನಿಮ್ಮದು ಏನಿದೆ ಅಂದರು. ನಮ್ಮ ಹತ್ತಿರ ಇದ್ದದ್ದು ಸಿಗರೇಟ್ ಪ್ಯಾಕಿನ ಹಿಂದೆ ಬರೆದ ನಾಲ್ಕು ಅಂಕಿ. ಆದೇಶ ಆ ಕಾಪಿ ಪುಸ್ತಕದ ಪ್ರಕಾರವೇ ಬಂತು. ಬರಬೇಕಾದ್ದೂ ಹಾಗೇ.

ಇದನ್ನು ಓದಿ ನಿಮಗೆ ಒಂದು ಯೋಚನೆ ಬಂದಿರಬಹುದು. ರಾತ್ರಿ ಕೂತು ಹೊಸ ರಿಜಿಸ್ಟರ್ ಬರೆದುಬಿಡೋಣ ಅಂತ. ದಯವಿಟ್ಟು ಬೇಡ. ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯವರು ಹಾಗೇ ಮಾಡಿ ಆಮೇಲೆ ನನ್ನ ಹತ್ತಿರ ಬಂದರು. ಎರಡು ವರ್ಷದ ಹಾಜರಿ, ಒಂದೇ ಪೆನ್ನು, ಒಂದೇ ಕೈ, ಎಲ್ಲೂ ಒಂದು ಚಹಾದ ಕಲೆ ಕೂಡ ಇಲ್ಲ. ಅದೂ ಹೋಗಲಿ, ಪುಸ್ತಕದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ವರ್ಷ ಇತ್ತು. ಹಾಜರಿ ಅದಕ್ಕಿಂತ ಹಿಂದಿನ ವರ್ಷದ್ದು. ಕೂಲಿಯ ತಕರಾರು ಹೋಗಿ ಸುಳ್ಳು ದಾಖಲೆಯ ತಕರಾರು ಶುರುವಾಯಿತು. ಇಲ್ಲದ್ದನ್ನು ಇಲ್ಲ ಅಂತ ಒಪ್ಪಿಕೊಂಡರೆ ಅದಕ್ಕೆ ಪರಿಹಾರ ಇದೆ. ಹೇಗೆ ಅಂತ ಹೇಳುತ್ತೇನೆ.

ವೇತನ ಸಂಹಿತೆಯಲ್ಲಿ ತಪ್ಪುಗಳು ಮೂರು ತೂಕದವು. ಕಮ್ಮಿ ಕೂಲಿಗೆ 50,000ವರೆಗೆ. ಫಲಕ ಹಾಕದಂಥ ಬೇರೆ ತಪ್ಪುಗಳಿಗೆ 20,000ವರೆಗೆ. ರಿಜಿಸ್ಟರ್ ಇಡದ್ದಕ್ಕೆ 10,000ವರೆಗೆ. ಕೊನೆಯ ಎರಡಕ್ಕೆ ಒಂದು ಅನುಕೂಲ ಇದೆ. ಕೇಸು ಹಾಕುವ ಮೊದಲು ಅಧಿಕಾರಿ ಲಿಖಿತವಾಗಿ ಹೇಳಿ, ಸರಿ ಮಾಡಿಕೊಳ್ಳಲು ಸಮಯ ಕೊಡಬೇಕು. ಆ ಸಮಯದೊಳಗೆ ಸರಿ ಮಾಡಿದರೆ ಕೇಸು ಇಲ್ಲ, ದಂಡ ಇಲ್ಲ. ಹೊಸ ಸಂಹಿತೆಯಲ್ಲಿ ಅವರ ಹುದ್ದೆಯ ಹೆಸರೇ ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್, ಅಂದರೆ ತಪಾಸಣೆ ಮಾಡುವವರು ಮತ್ತು ಅನುಕೂಲ ಮಾಡಿಕೊಡುವವರು. ಹೆಸರಿನ ಎರಡನೇ ಅರ್ಧವನ್ನು ನೀವಾಗಿ ನೆನಪಿಸಬೇಕು. ಐದು ವರ್ಷದಲ್ಲಿ ಎರಡನೇ ಸಲ ಅದೇ ತಪ್ಪಾದರೆ ಈ ಅವಕಾಶ ಸಿಗುವುದಿಲ್ಲ.

ಆದ್ದರಿಂದ ಇವತ್ತೇ ಒಂದು ರಿಜಿಸ್ಟರ್ ತನ್ನಿ. ಇವತ್ತಿನ ತಾರೀಖಿನಿಂದ ಬರೆಯಿರಿ, ಹಿಂದಿನದು ಬೇಡ. ದರದ ಫಲಕ ಕನ್ನಡದಲ್ಲಿ ಬರೆಸಿ, ಒಳಗೆ ಬರುವ ಬಾಗಿಲ ಹತ್ತಿರ ತೂಗುಹಾಕಿ, ಫೋಟೋ ತೆಗೆಯಿರಿ. ವೇತನ ಚೀಟಿ ಕೊಡಲು ಶುರು ಮಾಡಿ. ಬಟವಾಡೆ ಸಾಧ್ಯವಾದಷ್ಟು ಖಾತೆಗೇ ಹಾಕಿ. ಉತ್ತರದ ಜೊತೆ ಫೋಟೋ, ಮೊದಲ ವಾರದ ರಿಜಿಸ್ಟರ್ ಪುಟದ ಜೆರಾಕ್ಸ್ ಲಗತ್ತಿಸಿ.

ಉತ್ತರ ಹೇಗಿರಬೇಕು? ಉದ್ದ ಬೇಡ, ಎರಡು ಪುಟ ಸಾಕು. ಕನ್ನಡದಲ್ಲೇ ಬರೆಯಿರಿ. ನೋಟಿಸಿನ ಸಂಖ್ಯೆ, ತಾರೀಖು ಮೇಲೆ ಬರಲಿ. ಕೊರತೆಯ ಪಟ್ಟಿಯಲ್ಲಿ ಯಾವ ಹೆಸರು, ಯಾವ ದಿನ ಒಪ್ಪುತ್ತೀರಿ, ಯಾವುದನ್ನು ಯಾಕೆ ಒಪ್ಪುವುದಿಲ್ಲ ಅಂತ ಹೇಳಿ. ಹಳೇ ಮತ್ತು ಹೊಸ ಕಾನೂನಿನ ಅವಧಿ ಬೇರೆ ಮಾಡಲು ಕೇಳಿ. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಬೇಕು ಅಂತ ಒಂದು ಸಾಲು ಮರೆಯದೆ ಬರಲಿ. ಲೆಕ್ಕಕ್ಕೆ ಸಮಯ ಸಾಲದಿದ್ದರೆ 15 ದಿನ ಮುಗಿಯುವ ಮೊದಲೇ ಹೆಚ್ಚಿನ ಸಮಯ ಕೇಳಿ, ಮುಗಿದ ಮೇಲೆ ಬೇಡ. ಕಚೇರಿಗೆ ಹೋಗಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೊಹರಿಗೆ ಸತಾಯಿಸಿದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಬಡವನಿದ್ದೇನೆ, ದಯೆ ತೋರಿಸಿ ಅಂತ ಬರೆಯಬೇಡಿ. ಎಲ್ಲಾ ಆರೋಪ ಸುಳ್ಳು ಅಂತಲೂ ಬರೆಯಬೇಡಿ. ಎರಡರಿಂದಲೂ ಅಧಿಕಾರಿಗೆ ಆದೇಶ ಬರೆಯುವುದು ಸುಲಭವಾಗುತ್ತದೆ.

ನನ್ನ ಸಲಹೆ ಕೇಳಿದ್ದೀರಿ, ಹೇಳುತ್ತೇನೆ. ಲೆಕ್ಕ ತಿದ್ದಿಸಿ, ಉಳಿದ ನಿಜವಾದ ಕೊರತೆಯನ್ನು ವಿಚಾರಣೆಗೆ ಮೊದಲೇ ಕೆಲಸಗಾರರಿಗೆ ಕೊಟ್ಟುಬಿಡಿ. ಬ್ಯಾಂಕ್ ಖಾತೆಗೇ ಹಾಕಿ, ನಗದು ಬೇಡ. ಯಾವ ತಿಂಗಳ ಬಾಕಿ ಅಂತ ಬರೆದು ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಖಾಲಿ ಕಾಗದದ ಮೇಲೆ ಸಹಿ ತೆಗೆದುಕೊಂಡರೆ ಅದು ನಿಮಗೇ ತಿರುಗಿ ಹೊಡೆಯುತ್ತದೆ. ಮೊದಲೇ ಕೊಟ್ಟರೂ ಪರಿಹಾರ ಹಾಕುವ ಅಧಿಕಾರ ಅವರಿಗೆ ಉಳಿದೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬಾಕಿ ಕೊಟ್ಟು ಬಂದವರಿಗೂ ಕೊಡಲ್ಲ ಅಂತ ಕೂತವರಿಗೂ ಒಂದೇ ಪಟ್ಟು ಹಾಕುವ ಅಧಿಕಾರಿಯನ್ನು ನಾನು ನೋಡಿಲ್ಲ. ದೂರು ಕೊಟ್ಟಿದ್ದು ಯಾರು ಅಂತ ಹುಡುಕಿ ಕೆಲಸದಿಂದ ತೆಗೆಯುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಈಗಿರುವುದು ಲೆಕ್ಕದ ಜಗಳ, ಅದನ್ನು ಸೇಡಿನ ಜಗಳ ಮಾಡಿಕೊಳ್ಳಬೇಡಿ.

ಇನ್ನು ದಂಡ. ಹೊಸ ಸಂಹಿತೆಯ ಅವಧಿಗೆ ರಾಜಿ ಮಾಡಿಕೊಳ್ಳುವ ದಾರಿ ಇದೆ. ಕಚೇರಿಯ ಭಾಷೆಯಲ್ಲಿ ಕಾಂಪೌಂಡಿಂಗ್. ನೀವು ಅರ್ಜಿ ಕೊಡಬೇಕು, ಸರ್ಕಾರ ಗೊತ್ತುಪಡಿಸಿದ ಗೆಜೆಟೆಡ್ ಅಧಿಕಾರಿ ಒಪ್ಪಬೇಕು. ಗರಿಷ್ಠ ದಂಡದ ಅರ್ಧ ಕಟ್ಟಬೇಕು. ಕಮ್ಮಿ ಕೂಲಿಯ ತಪ್ಪಿಗೆ ಅದು 25,000. ಕಟ್ಟಿದರೆ ಆ ತಪ್ಪಿನ ಬಗ್ಗೆ ಕೇಸು ಇಲ್ಲ, ಕೇಸು ಆಗಲೇ ಹಾಕಿದ್ದರೆ ಅದೂ ಮುಗಿಯುತ್ತದೆ. ಆದೇಶ ಆದ ಮೇಲೆ ಕಟ್ಟದೆ ಕೂತರೆ ಗರಿಷ್ಠ ದಂಡದ ಶೇಕಡಾ 20 ಮೇಲೆ ಬೀಳುತ್ತದೆ. ಐದು ವರ್ಷದೊಳಗೆ ಅದೇ ಥರದ ತಪ್ಪಿಗೆ ಎರಡನೇ ಸಲ ಈ ರಾಜಿ ಇಲ್ಲ. ಅಂದರೆ ಇದು ಒಂದು ಸಲ ಬಳಸುವ ಟಿಕೆಟ್. ಲೆಕ್ಕ ನಿಜವಾಗಿ ನಿಮ್ಮ ಪರ ಇದ್ದರೆ ಈ ಟಿಕೆಟ್ ಹರಿಯಬೇಡಿ, ವಿಚಾರಣೆ ಎದುರಿಸಿ. ಕೊರತೆ ಇರುವುದು ನಿಜ ಅಂತ ನಿಮಗೇ ಗೊತ್ತಿದ್ದರೆ 25,000 ಕಟ್ಟಿ ಮುಗಿಸುವುದೇ ಜಾಣತನ.

ಹಳೇ ಕಾಯ್ದೆಯ ಅವಧಿಗೆ ಈ ಸೌಲಭ್ಯ ಇರಲಿಲ್ಲ. ಅದಕ್ಕೆ ಕೇಸು ಹಾಕಿದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸಮನ್ಸ್ ಬರುತ್ತದೆ. ಬಹಳ ಜನ ತಪ್ಪು ಒಪ್ಪಿಕೊಂಡು ಅಲ್ಲೇ ದಂಡ ಕಟ್ಟಿ ರಸೀದಿ ತೆಗೆದುಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಾರೆ. ಐನೂರು ರೂಪಾಯಿ ತಾನೇ ಅಂತ. ಇಲ್ಲೊಂದು ಮುಳ್ಳು ಇದೆ. ಕಮ್ಮಿ ಕೂಲಿ ಕೊಟ್ಟಿದ್ದು ಹೌದು ಅಂತ ಕೋರ್ಟಿನಲ್ಲಿ ಒಪ್ಪಿಕೊಂಡ ಕಾಗದ ಬಾಕಿ ಕೂಲಿಯ ವಿಚಾರಣೆಯಲ್ಲಿ ನಿಮ್ಮ ಎದುರಿಗೆ ಬಂದು ಕೂರುತ್ತದೆ. ಬಾಕಿಯ ವಿಷಯ ತೀರದೆ ಕೋರ್ಟಿನಲ್ಲಿ ಅವಸರದಿಂದ ಕೈಮುಗಿಯಬೇಡಿ. ವಕೀಲರ ಹತ್ತಿರ ಒಂದು ಸಲ ಕೇಳಿ ಹೋಗಿ.

ಎಲ್ಲಿ ಕಟ್ಟಬೇಕು ಅಂದಿರಲ್ಲ. ಕೋರ್ಟು ಹಾಕಿದ ದಂಡ ಕೋರ್ಟಿನಲ್ಲೇ. ಇಲಾಖೆಗೆ ಕಟ್ಟುವ ಮೊತ್ತ ಆದರೆ ಆದೇಶದ ಪ್ರತಿ ಕೈಗೆ ಬಂದ ಮೇಲೆ ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರ ಚಲನ್ ಮೂಲಕ. ಆನ್‌ಲೈನ್‌ನಲ್ಲಿ ಚಲನ್ ಮಾಡಿ ಅಲ್ಲೇ ಕಟ್ಟಬಹುದು, ಇಲ್ಲವೇ ಮುದ್ರಿಸಿಕೊಂಡು ಬ್ಯಾಂಕ್ ಕೌಂಟರಿಗೆ ಹೋಗಬಹುದು. ಕಾರ್ಮಿಕ ಮತ್ತು ಉದ್ಯೋಗದ ಜಮೆಯ ಮುಖ್ಯ ಲೆಕ್ಕ ಶೀರ್ಷಿಕೆ 0230. ಅದರ ಮುಂದಿನ ಅಂಕಿಗಳನ್ನೂ ಕಚೇರಿಯ ಸಂಕೇತವನ್ನೂ ಆದೇಶ ಕೊಟ್ಟ ಕಚೇರಿಯಲ್ಲೇ ಬರೆಸಿಕೊಳ್ಳಿ. ತಪ್ಪು ಶೀರ್ಷಿಕೆಗೆ ಹೋದ ದುಡ್ಡನ್ನು ವಾಪಸ್ ತರುವುದು ಕಟ್ಟಿದ್ದಕ್ಕಿಂತ ದೊಡ್ಡ ಕೆಲಸ. ಯಾರ ಕೈಗೂ ನಗದು ಬೇಡ, ಯಾರ ಸ್ವಂತ ಮೊಬೈಲ್ ನಂಬರಿಗೂ ಹಾಕಬೇಡಿ. ಚಲನ್ ಪ್ರತಿಯನ್ನು ಪತ್ರದ ಜೊತೆ ಕಚೇರಿಗೆ ಕೊಟ್ಟು, ಮುಕ್ತಾಯದ ಆದೇಶ ಲಿಖಿತವಾಗಿ ಕೇಳಿ ಪಡೆಯಿರಿ. ಇದನ್ನು ಮರೆತು ಮೂರು ವರ್ಷ ಆದ ಮೇಲೆ ಹಳೇ ಚಲನ್ ಹುಡುಕುತ್ತಾ ಬಂದವರು ನನ್ನ ಹತ್ತಿರ ಇದ್ದಾರೆ. ಶಾಯಿ ಮಾಸಿ ಕಾಗದ ಬರೀ ಬಿಳಿ.

ಬಾಕಿ ಕೂಲಿಯ ಆದೇಶ ನಿಮ್ಮ ವಿರುದ್ಧ ಬಂತು, ಲೆಕ್ಕ ತಪ್ಪು ಅನ್ನಿಸುತ್ತದೆ ಅಂದರೆ ಹೊಸ ಸಂಹಿತೆಯಲ್ಲಿ 90 ದಿನದೊಳಗೆ ಮೇಲ್ಮನವಿ ಇದೆ. ಹಳೇ ಕನಿಷ್ಠ ವೇತನ ಕಾಯ್ದೆಯಲ್ಲಿ ಮೇಲ್ಮನವಿಯೇ ಇರಲಿಲ್ಲ, ನೇರ ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ. ರಾಯಚೂರಿನವರಿಗೆ ಕಲಬುರಗಿ. ಸಿಂಧನೂರಿನವರು ಗಂಗಾವತಿಯ ಗೆಳೆಯರನ್ನು ಕೇಳಿಕೊಂಡು ಧಾರವಾಡದ ವಕೀಲರಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದೂ ಇದೆ. ಐವತ್ತು ಸಾವಿರದ ತಕರಾರಿಗೆ ಹೈಕೋರ್ಟಿಗೆ ಹೋಗುವ ಖರ್ಚನ್ನು ಮೊದಲೇ ಕೂಡಿ ನೋಡಿ. ಆದೇಶದ ದುಡ್ಡು ಕಟ್ಟದೆ ಬಿಟ್ಟರೆ ಹೊಸ ಸಂಹಿತೆಯಲ್ಲಿ ಭೂಕಂದಾಯದ ಬಾಕಿಯಂತೆ ವಸೂಲಿ. ಆಗ ಬರುವವರು ಕಾರ್ಮಿಕ ಇಲಾಖೆಯವರಲ್ಲ, ಕಂದಾಯದವರು.

ಅವಧಿಯ ತಕರಾರು ಒಂದು ಉಳಿಯಿತು. ಹಳೇ ಕಾಯ್ದೆಯಲ್ಲಿ ಬಾಕಿ ಕೂಲಿಯ ಅರ್ಜಿಗೆ ಆರು ತಿಂಗಳ ಗಡುವು, ಸರಿಯಾದ ಕಾರಣ ಇದ್ದರೆ ತಡ ಆದರೂ ತೆಗೆದುಕೊಳ್ಳುತ್ತಿದ್ದರು. ಹೊಸದರಲ್ಲಿ ಮೂರು ವರ್ಷ. ನಿಮ್ಮ ಆಗಸ್ಟ್ ತಿಂಗಳ ಬಾಕಿಗೆ ಯಾವುದು ಹಿಡಿಯುತ್ತದೆ ಅನ್ನುವುದು ವಾದಕ್ಕೆ ಬಿಟ್ಟ ವಿಷಯ. ಉತ್ತರದಲ್ಲಿ ಒಂದು ಸಾಲು ಆಕ್ಷೇಪ ಬರೆದಿಡಿ. ಅದರ ಮೇಲೇ ಮನೆ ಕಟ್ಟಬೇಡಿ.

ಜೈಲಿನ ಭಯ ಕೇಳಿದಿರಿ. ಹೊಸ ಸಂಹಿತೆಯಲ್ಲಿ ಮೊದಲ ತಪ್ಪಿಗೆ ಇಲ್ಲ ಅಂತ ಹೇಳಿದೆ. ಹಳೇ ಕಾಯ್ದೆಯಲ್ಲಿ ಕಾಗದದ ಮೇಲೆ ಇತ್ತು, ನನ್ನ ಕಕ್ಷಿದಾರರಲ್ಲಿ ಅದಕ್ಕೆ ಒಳಗೆ ಹೋದವರು ಯಾರೂ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ದಾರ ಕತ್ತರಿಸುವ ಹೆಂಗಸರು ಅಂತ ಇರುವುದರಿಂದ ಒಂದು ಕೇಳುತ್ತೇನೆ. ಶಾಲೆ ರಜೆ ಇದ್ದಾಗ ತಾಯಿ ಜೊತೆ ಮಗಳೂ ಬಂದು ಕೂತು ಕತ್ತರಿ ಹಿಡಿದಿದ್ದಳಾ? ತಪಾಸಣಾ ವರದಿಯಲ್ಲಿ 14 ವರ್ಷದೊಳಗಿನ ಮಗುವಿನ ಬಗ್ಗೆ ಒಂದೇ ಒಂದು ಸಾಲು ಇದ್ದರೂ ಇಲ್ಲಿಯವರೆಗೆ ನಾನು ಬರೆದದ್ದನ್ನು ಬದಿಗಿಟ್ಟು ಇವತ್ತೇ ವಕೀಲರನ್ನು ಹಿಡಿಯಿರಿ. ಅದು 1986ರ ಬಾಲಕಾರ್ಮಿಕ ಕಾಯ್ದೆ, ಬೇರೆಯದೇ, ಸಂಹಿತೆಗಳು ಬಂದ ಮೇಲೂ ಹಾಗೇ ಉಳಿದಿದೆ. 2016ರ ತಿದ್ದುಪಡಿ ಆದ ಮೇಲೆ ಮೊದಲ ತಪ್ಪಿಗೇ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ದಂಡ, ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದು.

ಹಾಗೇನೂ ಇಲ್ಲದಿದ್ದರೆ ನೋಟಿಸ್, ಅಡ್ವಾನ್ಸ್ ಕೊಟ್ಟ ಫೋನ್‌ಪೇ ದಾಖಲೆ, ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಜೆಸ್ಕಾಂ ಬಿಲ್, ಡೆಲಿವರಿ ಚಲನ್, ಶನಿವಾರದ ಕಚ್ಚಾ ಚೀಟಿಗಳು, ಎಲ್ಲ ಒಂದು ಚೀಲಕ್ಕೆ ಹಾಕಿ. ಹರಿದ ಚೀಟಿ ಅಂತ ಎಸೆಯಬೇಡಿ. ನೋಟಿಸ್ ಕೈಗೆ ಬಂದ ದಿನ ಯಾವುದು ಅಂತ ಲಕೋಟೆಯ ಮೇಲೆ ಈಗಲೇ ಬರೆದಿಡಿ. 15 ದಿನದ ಎಣಿಕೆಗೆ ಜಗಳ ಬಂದರೆ ಕೆಲಸಕ್ಕೆ ಬರುವುದು ಆ ಲಕೋಟೆಯೇ.